ಅಡಿಕೆ ತೋಟದ ಗಾಳಿ ಮತ್ತು ವೀಡಿಯೊ ಪಾಠದ ತೂಕ

ಜಗಲಿಯಲ್ಲಿ ನಿಂತು, ಹಿಂದೆ ಅಡಿಕೆ ತೋಟ ಕಾಣುವ ಹಾಗೆ ಫೋನ್ ಇಟ್ಟು ಪಾಠ ಮಾಡಿದರೆ ನೋಡಲಿಕ್ಕೆ ಚೆಂದವೇ. ಆದರೆ ಅದೇ ಪಾಠ ಕಾಸರಗೋಡಿನ ಪೈವಳಿಕೆಯದೋ ಎಣ್ಮಕಜೆಯದೋ ಒಂದು ಬೈಲಿನ ಮನೆಗೆ ತಲಪುವಾಗ ಟೀಚರ ಮುಖ ಕಲಸಿಹೋಗಿರುತ್ತದೆ, ಬೋರ್ಡಿನ ಅಕ್ಷರ ಚೌಕ ಚೌಕವಾಗಿ ಒಡೆದಿರುತ್ತದೆ. ರೇಂಜ್ ಇಲ್ಲ ಎಂದು ಎಲ್ಲರೂ ನೆಟ್ಟನ್ನು ಬೈಯುತ್ತಾರೆ. ಅರ್ಧ ತಪ್ಪು ತೋಟದ ಗಾಳಿಯದ್ದು.

ವೀಡಿಯೊವನ್ನು ಕಿರಿದು ಮಾಡುವ ಎಚ್.264ನಂಥ ವಿಧಾನಗಳು ಪ್ರತಿಯೊಂದು ಚಿತ್ರವನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಕೆಲವು ಸೆಕೆಂಡಿಗೊಮ್ಮೆ ಒಂದು ಪೂರ್ಣ ಚಿತ್ರ; ನಡುವಿನವುಗಳಿಗೆ ‘ಹಿಂದಿನದಕ್ಕಿಂತ ಏನು ಬದಲಾಯಿತು’ ಎಂಬ ಲೆಕ್ಕ ಮಾತ್ರ. ಸುಣ್ಣದ ಗೋಡೆ ಬದಲಾಗುವುದಿಲ್ಲ, ಅದಕ್ಕೆ ಖರ್ಚೂ ಇಲ್ಲ. ಗಾಳಿಗೆ ಅಲುಗುವ ನೂರಾರು ಸೋಗೆಗಳಿಗೆ ಮಾತ್ರ ಪ್ರತಿ ಕ್ಷಣವೂ ಹೊಸ ಲೆಕ್ಕ ಬೇಕು. ಸೆಕೆಂಡಿಗೆ ಇಂತಿಷ್ಟೇ ಕಿಲೋಬಿಟ್ ಎಂದು ಮಿತಿ ಇಟ್ಟಾಗ ಸೋಗೆಗಳೇ ಅದರ ಬಹುಪಾಲನ್ನು ತಿಂದು, ಮುಖಕ್ಕೂ ಅಕ್ಷರಕ್ಕೂ ಉಳಿಕೆ ಪಾಲು ಸಿಗುತ್ತದೆ. ಹಿಂದೆ ಸುರಿಯುವ ಮಳೆ, ಹಾರಾಡುವ ಪರದೆ, ಫ್ಯಾನಿಗೆ ಅಲುಗುವ ಕ್ಯಾಲೆಂಡರ್, ಎಲ್ಲದರದ್ದೂ ಇದೇ ಕತೆ. ಬೋಳು ಗೋಡೆಯ ಮುಂದೆ, ಬಲಕ್ಕೋ ಎಡಕ್ಕೋ ಒಂದು ಕಿಟಕಿ ಇರುವ ಹಾಗೆ ಕುಳಿತುಕೊಳ್ಳಿ. ಪಾಠ ಹಗುರಾಗುತ್ತದೆ.

ಹಗುರ ಎಂದರೆ ಎಷ್ಟು? ಲೆಕ್ಕ ಸುಲಭ. ಸೆಕೆಂಡಿನ ಕಿಲೋಬಿಟ್ಟನ್ನು 8ರಿಂದ ಭಾಗಿಸಿ 60ರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಕಿಲೋಬೈಟ್ ಎಂದು ಸಿಗುತ್ತದೆ. 1,500 ಕಿಲೋಬಿಟ್‌ನ ವೀಡಿಯೊ ನಿಮಿಷಕ್ಕೆ 11 ಎಂಬಿಗಿಂತ ಹೆಚ್ಚು ನುಂಗುತ್ತದೆ. 200 ಕಿಲೋಬಿಟ್‌ನದ್ದು ಒಂದೂವರೆ ಎಂಬಿ. ದಿನಕ್ಕೆ ಒಟ್ಟು ಒಂದು ಗಂಟೆ ಪಾಠ ಎಂದುಕೊಂಡರೆ ಒಂದು ಮಗುವಿಗೆ 675 ಎಂಬಿ ಅಥವಾ 90 ಎಂಬಿ. ಮನೆಯಲ್ಲಿ ಇಬ್ಬರು ಮಕ್ಕಳು, ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇರುವ ಒಂದೇ ಫೋನು. ಭಾರದ ಪಾಠವಾದರೆ ಇಬ್ಬರೂ ನೋಡಿ ಮುಗಿಸುವಾಗ ದಿನದ ಡಾಟಾ ಬಹುಮಟ್ಟಿಗೆ ಖಾಲಿ. ಅಣ್ಣ ನೋಡಿದ ಮೇಲೆ ತಂಗಿಗೆ ಉಳಿಯುವುದೆಷ್ಟು ಎಂಬ ಪ್ರಶ್ನೆ ತಾಂತ್ರಿಕ ಪ್ರಶ್ನೆಯಲ್ಲ, ಪಾಠ ಹೇಳುವವರದ್ದೇ ಪ್ರಶ್ನೆ. ಪಾಠ ಎಷ್ಟು ಭಾರ ಎಂದು ನೋಡುವುದೂ ಪಾಠ ತಯಾರಿಯ ಭಾಗವೇ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಬೇರೆಲ್ಲಿಂದಲೋ ಪಾಠ ತಂದು ಕೊಟ್ಟರೆ ಆಗುವುದಿಲ್ಲ. 1956ರ ನವೆಂಬರ್ 1ರಿಂದ ಈ ನೆಲ ಕೇರಳದಲ್ಲಿದೆ. ಪಠ್ಯಕ್ರಮ ಕೇರಳದ್ದು, ಎಸ್‌ಎಸ್‌ಎಲ್‌ಸಿ ಕೇರಳದ್ದು. ಕರ್ನಾಟಕದವರು ಮಾಡಿದ ಕನ್ನಡ ವೀಡಿಯೊಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ, ಆದರೆ ಅಧ್ಯಾಯದ ಕ್ರಮ ಬೇರೆ, ಉದಾಹರಣೆ ಬೇರೆ, ಪ್ರಶ್ನೆ ಕೇಳುವ ರೀತಿಯೂ ಬೇರೆ. ಮಲಯಾಳದಲ್ಲಿ ಇರುವುದು ಪಠ್ಯಕ್ಕೆ ಸರಿಹೊಂದುತ್ತದೆ, ಆದರೆ ಪಾರಿಭಾಷಿಕ ಪದಗಳು ಕೈಕೊಡುತ್ತವೆ. 2020ರ ಜೂನ್ 1ರಂದು ಕೇರಳ ಸರಕಾರದ ಶಿಕ್ಷಣ ವಾಹಿನಿ ಕೈಟ್ ವಿಕ್ಟರ್ಸ್‌ನಲ್ಲಿ ಕೋವಿಡ್ ಕಾಲದ ‘ಫಸ್ಟ್ ಬೆಲ್’ ಟಿವಿ ತರಗತಿಗಳು ಶುರುವಾದಾಗ ಕನ್ನಡ ಮಾಧ್ಯಮದ ಪಾಠಗಳನ್ನೂ ತಯಾರಿಸಿ ಕೈಟ್ ಕಾಸರಗೋಡಿನ ಯೂಟ್ಯೂಬ್ ವಾಹಿನಿಯಲ್ಲಿ ಹಾಕಬೇಕಾಯಿತು. ಇಲ್ಲಿನ ಮಕ್ಕಳ ಪಾಠ ಇಲ್ಲಿನವರೇ ಮಾಡಬೇಕು ಎಂಬುದು ಆಗ ಎಲ್ಲರಿಗೂ ಕಂಡ ಮಾತು.

ಪದದ ತೊಂದರೆಯನ್ನು ಒಂದಿಷ್ಟು ಹತ್ತಿರದಿಂದ ನೋಡಬೇಕು. ತರಗತಿಯಲ್ಲಿ ಕುಳಿತ ಮಗುವಿನ ಮನೆಮಾತು ತುಳು ಇರಬಹುದು, ಹವ್ಯಕ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಇರಬಹುದು. ಪುಸ್ತಕದ ಕನ್ನಡ ಹೆಚ್ಚಿನವರಿಗೆ ಶಾಲೆಯಲ್ಲೇ ಸಿಗುವ ಕನ್ನಡ. ಪೇಟೆಯ ಬೋರ್ಡು, ಬಸ್ಸಿನ ಹೆಸರು, ಟಿವಿ ಎಲ್ಲ ಮಲಯಾಳ. ಗಣಿತದ ಪಾಠದಲ್ಲಿ ನೀವು ‘ಚದರ ಸೆಂಟಿಮೀಟರ್’ ಎನ್ನುತ್ತೀರಿ. ಮಲಯಾಳದಲ್ಲಿ ‘ಚತುರಂ’ ಎಂದರೆ ಆಯತ, ‘ಸಮಚತುರಂ’ ಎಂದರೆ ಚೌಕ. ಕಿವಿಗೆ ಚದರವೂ ಚತುರವೂ ಒಂದೇ ಮನೆಯ ಪದಗಳು. ಪಕ್ಕದ ಕ್ಲಾಸಿನ ಗೆಳೆಯನ ಜೊತೆ ಕುಳಿತು ಓದುವ ಮಗು ಎರಡನ್ನೂ ಒಂದೇ ಎಂದುಕೊಂಡರೆ ಅದರ ತಪ್ಪೇನಿಲ್ಲ. ಭಾಷೆಯ ಪಾಠದಲ್ಲಿ ‘ಉಪನ್ಯಾಸ’ ಎಂದರೆ ನಮಗೆ ಭಾಷಣ, ಮಲಯಾಳದಲ್ಲಿ ಪ್ರಬಂಧ. ನಮ್ಮ ದ್ಯುತಿಸಂಶ್ಲೇಷಣೆ ಅಲ್ಲಿ ಪ್ರಕಾಶಸಂಶ್ಲೇಷಣ. ಎದುರಿಗೆ ಮಕ್ಕಳಿರುವ ಕ್ಲಾಸಿನಲ್ಲಾದರೆ ಮುಖ ನೋಡಿಯೇ ಗೊಂದಲ ಗೊತ್ತಾಗುತ್ತದೆ, ಮಾಷ್ಟ್ರು ಅಲ್ಲೇ ತಿದ್ದುತ್ತಾರೆ. ವೀಡಿಯೊದಲ್ಲಿ ಮುಖ ಕಾಣುವುದಿಲ್ಲ. ಹಾಗಾಗಿ ಚಿತ್ರೀಕರಣಕ್ಕೆ ಮೊದಲೇ ಪಾಠದ ಹೊಸ ಪದಗಳನ್ನು ಒಂದು ಹಾಳೆಯಲ್ಲಿ ಬರೆದು, ಯಾವುದು ಎಲ್ಲಿ ಎಡವಿಸುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಹತ್ತು ನಿಮಿಷದ ಪಾಠಕ್ಕೆ ನಾಲ್ಕೈದು ಹೊಸ ಪದ ಸಾಕು. ಅಂಥ ಪದ ಬಂದಾಗ ಒಂದು ಸಲ ಹೇಳಿ, ಪರದೆಯ ಮೇಲೆ ದೊಡ್ಡದಾಗಿ ಬರೆದು, ಮೂರು ಸೆಕೆಂಡ್ ಸುಮ್ಮನಿದ್ದು, ಮತ್ತೆ ಹೇಳಿ.

ಪರದೆಯ ಮೇಲಿನ ಬರಹದ ಬಗ್ಗೆ ಒಂದು ವಾದ ಇದೆ. ಬಹುಮಾಧ್ಯಮ ಕಲಿಕೆಯ ಮೇಲೆ ತುಂಬ ಕೆಲಸ ಮಾಡಿದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಹೇಳುವ ಪ್ರಕಾರ ಚಿತ್ರ ತೋರಿಸಿ ಬಾಯಲ್ಲಿ ವಿವರಿಸುತ್ತಿರುವಾಗ ಅದೇ ಮಾತನ್ನು ಅಕ್ಷರದಲ್ಲೂ ಹಾಕಬಾರದು; ಕಣ್ಣು ಚಿತ್ರವನ್ನೂ ಅಕ್ಷರವನ್ನೂ ಒಟ್ಟಿಗೆ ಹಿಡಿಯಲು ಹೋಗಿ ಎರಡನ್ನೂ ಬಿಡುತ್ತದೆ. ಇದು ನಿಜ. ಆದರೆ ಮನೆಮಾತಲ್ಲದ ಭಾಷೆಯಲ್ಲಿ ಕಲಿಯುವವರಿಗೆ ಈ ನಿಯಮ ಸಡಿಲವಾಗುತ್ತದೆ ಎಂಬುದೂ ಅದೇ ಕ್ಷೇತ್ರದವರು ಕಂಡುಕೊಂಡದ್ದು. ನಮ್ಮ ಮಕ್ಕಳಿಗೆ ಹೊಂದುವುದು ನಡುವಿನ ದಾರಿ: ಇಡೀ ವಾಕ್ಯ ಬೇಡ, ಪದ ಮಾತ್ರ ಬೇಕು.

ಆ ಪದ ಓದಲಿಕ್ಕೆ ಸಿಗಬೇಕಲ್ಲ. ಕನ್ನಡದ ಕಷ್ಟ ಇರುವುದು ಇಲ್ಲಿ, ಇಂಗ್ಲಿಷಿನ ಅಳತೆ ಇಲ್ಲಿ ನಡೆಯುವುದಿಲ್ಲ. ಪವರ್‌ಪಾಯಿಂಟಿನ ಅಗಲ ಸ್ಲೈಡು ಏಳೂವರೆ ಇಂಚು ಎತ್ತರ, ಅಂದರೆ 540 ಪಾಯಿಂಟ್. ಅದರಲ್ಲಿ 24 ಪಾಯಿಂಟಿನ ಅಕ್ಷರ ಹಾಕಿ 360 ಗೆರೆಯ (ಮೇಲಿನಿಂದ ಕೆಳಗೆ 360 ಸಾಲು ಚುಕ್ಕೆಗಳ) ವೀಡಿಯೊ ಮಾಡಿದರೆ ಅಕ್ಷರಕ್ಕೆ ಸಿಗುವುದು ಸುಮಾರು 16 ಗೆರೆ. ರೇಂಜ್ ಕಡಿಮೆಯಾಗಿ ಯೂಟ್ಯೂಬ್ 240ಕ್ಕೆ ಇಳಿದರೆ 11 ಗೆರೆಯೂ ಇಲ್ಲ. ಮೇಲಿನ ಗುಡಿಸು, ನಡುವಿನ ಅಕ್ಷರ, ಕೆಳಗಿನ ಒತ್ತು, ಮೂರೂ ಅಷ್ಟರಲ್ಲೇ ಹೊಂದಿಕೊಳ್ಳಬೇಕು. ಮೊದಲು ಮಾಯವಾಗುವುದು ಮಹಾಪ್ರಾಣದ ಸೀಳು. ‘ಧನಾವೇಶ’ ದನಾವೇಶವಾಗಿ ಕಾಣುತ್ತದೆ, ಫ ಪ ಆಗುತ್ತದೆ, ಢ ಡ ಆಗುತ್ತದೆ. ಆಡುಮಾತಿನಲ್ಲಿ ಮಹಾಪ್ರಾಣ ಹೇಗೂ ಸವೆದುಹೋಗಿದೆ. ಮಗು ಅದನ್ನು ಕಲಿಯುವುದು ಕಣ್ಣಿನಿಂದಲೇ. ಆ ಒಂದು ಸೀಳು ಪರದೆಯಲ್ಲಿ ಉಳಿಯದಿದ್ದರೆ ಉತ್ತರಪತ್ರಿಕೆಯಲ್ಲೂ ಉಳಿಯುವುದಿಲ್ಲ. ಆದ್ದರಿಂದ ಅಕ್ಷರ 44 ಪಾಯಿಂಟಿಗಿಂತ ಕಡಿಮೆ ಬೇಡ, ಒಂದು ಸ್ಲೈಡಿಗೆ ಐದು ಸಾಲಿಗಿಂತ ಹೆಚ್ಚು ಬೇಡ. ನೋಟೊ ಸಾನ್ಸ್ ಕನ್ನಡದಂಥ ಸರಳ ಫಾಂಟಿನ ತುಸು ದಪ್ಪ ರೂಪ ಒಳ್ಳೆಯದು. ಅಲಂಕಾರದ ಫಾಂಟುಗಳಲ್ಲಿ ಒತ್ತು ಮೊದಲೇ ಸಣ್ಣದು.

ಬಣ್ಣದ ವಿಷಯದಲ್ಲೂ ಮೋಸವಿದೆ. ಸಾಮಾನ್ಯ ವೀಡಿಯೊದಲ್ಲಿ ಬೆಳಕು-ಕತ್ತಲೆಯ ವಿವರ ಪೂರ್ತಿ ಇರುತ್ತದೆ, ಬಣ್ಣದ ವಿವರ ಮಾತ್ರ ಅಗಲದಲ್ಲೂ ಎತ್ತರದಲ್ಲೂ ಅರ್ಧಕ್ಕೆ ಇಳಿದಿರುತ್ತದೆ. ನಾಲ್ಕು ಚುಕ್ಕೆಗೆ ಒಂದೇ ಬಣ್ಣ ಎಂದಾಯಿತು. ನೀಲಿಯ ಮೇಲೆ ಕೆಂಪು ಅಕ್ಷರ ಬರೆದರೆ ಅಂಚು ಹರಡಿ ಒತ್ತುಗಳು ಕರಗುವುದು ಇದರಿಂದಲೇ. ಬಿಳಿ ಅಥವಾ ತೆಳು ಹಳದಿಯ ಮೇಲೆ ಕಪ್ಪು ಇರಲಿ. ಒತ್ತಿ ಹೇಳಬೇಕಾದ ಪದವನ್ನು ಕೆಂಪು ಮಾಡುವ ಬದಲು ಅಡಿಗೆರೆ ಎಳೆಯಿರಿ.

ಇನ್ನೊಂದು, ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪಾಠವನ್ನು ಎಡಿಟಿಂಗ್ ಆ್ಯಪಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಯೂನಿಕೋಡ್ ಆದರೂ ಕೆಲವು ಫೋನ್ ಆ್ಯಪುಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ‘ವಿಜ್‌ಞಾನ’ ಎಂದು ಬೀಳುತ್ತದೆ. ಆಗ ಆ್ಯಪಿನ ಜೊತೆ ಗುದ್ದಾಡುವುದು ಬೇಡ. ಬರಹವನ್ನು ಸ್ಲೈಡಿನಲ್ಲಿ ಮಾಡಿ, ಸ್ಲೈಡನ್ನು ಚಿತ್ರವಾಗಿ ಉಳಿಸಿ, ಆ ಚಿತ್ರವನ್ನು ವೀಡಿಯೊದಲ್ಲಿ ಕೂರಿಸಿ.

ಈಗ ದನಿ. ಚಿತ್ರ ಒಡೆದರೂ ಮಗು ಪಾಠ ಕೇಳುತ್ತದೆ, ದನಿ ಒಡೆದರೆ ಎದ್ದುಹೋಗುತ್ತದೆ. ಹಾಗಾಗಿ ದುಡ್ಡು ಹಾಕುವುದಿದ್ದರೆ ಕ್ಯಾಮರಾಕ್ಕಲ್ಲ, ಮೈಕಿಗೆ ಹಾಕಿ. ತಂತಿಯ ಒಂದು ಸಾಧಾರಣ ಕಾಲರ್ ಮೈಕ್ ಗಲ್ಲದಿಂದ ಒಂದು ಗೇಣು ಕೆಳಗಿದ್ದರೆ ಸಾಕು. ಸೀರೆಯ ಸೆರಗು, ತಾಳಿ, ಐಡಿ ಕಾರ್ಡಿನ ದಾರ ತಾಗದ ಹಾಗೆ ಸಿಕ್ಕಿಸಬೇಕು. ಬರಿಯ ಕೋಣೆ ದನಿಯನ್ನು ಹಿಂದಕ್ಕೆ ಎಸೆಯುತ್ತದೆ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದಕ್ಕೆ ಮುಖ ಮಾಡಿ ಕುಳಿತರೆ, ಅಥವಾ ಎರಡು ಕಂಬಳಿ ತೂಗುಹಾಕಿದರೆ ಆ ಗುಂಯ್‌ಗುಡುವಿಕೆ ಇಳಿಯುತ್ತದೆ. ಫ್ಯಾನ್ ಆರಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, 30 ಸೆಕೆಂಡ್ ಮಾತಾಡಿ, ಇಯರ್‌ಫೋನ್ ಹಾಕಿ ಕೇಳಿ, ಆಮೇಲೆ ಶುರುಮಾಡಿ. ಅತಿ ಜೋರಾದ ಮಾತು ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿರಲಿ. ಸೊನ್ನೆ ಮುಟ್ಟಿ ಹರಿದ ದನಿಯನ್ನು ಮತ್ತೆ ಹೊಲಿಯಲಾಗುವುದಿಲ್ಲ.

ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಧ್ವನಿಮುದ್ರಣ ಮಾಡಲೇಬೇಡಿ. ದನಿ ಎಡಿಟ್ ಮಾಡುವ ತಂತ್ರಾಂಶ ಆಡಾಸಿಟಿಯ ನಾಯ್ಸ್ ರಿಡಕ್ಷನ್ ಫ್ಯಾನಿನಂಥ ಒಂದೇ ಸಮನೆಯ ಸದ್ದನ್ನು ಚೆನ್ನಾಗಿ ತೆಗೆಯುತ್ತದೆ: ಮಾತಿಲ್ಲದ ಎರಡು ಸೆಕೆಂಡ್ ಭಾಗವನ್ನು ಆರಿಸಿ ನಾಯ್ಸ್ ಪ್ರೊಫೈಲ್ ತೆಗೆದುಕೊಂಡು, ಇಡೀ ಪಾಠ ಆರಿಸಿ 6ರಿಂದ 12 ಡೆಸಿಬೆಲ್ ಇಳಿಸಿದರೆ ಆಯಿತು. ಮಳೆಯ ಸದ್ದು ಹಾಗಲ್ಲ. ಅದು ತೆಳು ದನಿಯಿಂದ ದಪ್ಪ ದನಿಯವರೆಗೆ ಎಲ್ಲೆಡೆ ಹರಡಿರುತ್ತದೆ; ಶ, ಷ, ಸ ಇರುವ ಜಾಗದಲ್ಲೂ ಕೂತಿರುತ್ತದೆ. ಮಳೆಯನ್ನು ತೆಗೆಯಲು ಹೊರಟರೆ ಶಕಾರ ಸಕಾರಗಳೂ ಜೊತೆಗೆ ಹೋಗುತ್ತವೆ, ಉಳಿದ ಮಾತು ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ.

ಒಂದು ಸಣ್ಣ ಸಂಗತಿ, ಆದರೆ ಬಹಳ ಮಕ್ಕಳನ್ನು ಬಾಧಿಸುವುದು. ಕೆಲವು ಮೈಕುಗಳು ಎಡ ಚಾನೆಲಿನಲ್ಲಿ ಮಾತ್ರ ದನಿ ಬರೆಯುತ್ತವೆ. ಎಡಿಟ್ ಮಾಡುವವರು ಸ್ಪೀಕರಿನಲ್ಲಿ ಕೇಳಿದರೆ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಅಕ್ಕ-ತಮ್ಮ ಒಂದೇ ಇಯರ್‌ಫೋನಿನ ಒಂದೊಂದು ತುದಿಯನ್ನು ಕಿವಿಗಿಟ್ಟು ಕುಳಿತಾಗ ಒಬ್ಬರಿಗೆ ಪಾಠ ಕೇಳುತ್ತದೆ, ಇನ್ನೊಬ್ಬರಿಗೆ ಏನೂ ಇಲ್ಲ. ಆಡಾಸಿಟಿಯಲ್ಲಿ ಸ್ಟೀರಿಯೊ ಟ್ರ್ಯಾಕನ್ನು ಬಿಡಿಸಿ, ಖಾಲಿ ಚಾನೆಲನ್ನು ಅಳಿಸಿ, ಉಳಿದದ್ದನ್ನು ಮೊನೊ ಮಾಡಿದರೆ ಎರಡೂ ಕಿವಿಗೆ ಸಮ. ಗಾತ್ರವೂ ಉಳಿಯುತ್ತದೆ. ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಷನ್‌ನಲ್ಲಿ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ದನಿ ಒಟ್ಟಾರೆ ಎಷ್ಟು ಜೋರು ಎಂಬ ಅಳತೆ) ಕೊಡಿ. ಅಲ್ಲಿ ಮೊದಲೇ ತುಂಬಿರುವ ಮೈನಸ್ 23 ಟಿವಿ ಪ್ರಸಾರದ ಅಳತೆ, ಫೋನಿನ ಸ್ಪೀಕರಿಗೆ ತೀರಾ ಮೆಲ್ಲಗಾಗುತ್ತದೆ.

ಚಲಿಸುವ ಚಿತ್ರ ಎಲ್ಲಿ ಬೇಕು, ಎಲ್ಲಿ ಬೇಡ? ನಮ್ಮೂರಿನ ಸುರಂಗವನ್ನೇ ತೆಗೆದುಕೊಳ್ಳೋಣ. ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದು, ಪಂಪಿಲ್ಲದೆ ನೀರನ್ನು ಹೊರಗೆ ಹರಿಸಿಕೊಳ್ಳುವ ಈ ಪದ್ಧತಿ ಅಂತರ್ಜಲದ ಪಾಠಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಎಲ್ಲರೂ ಮಾಡುವುದು ಫೋನ್ ಹಿಡಿದು ಒಳಗೆ ನಡೆದುಕೊಂಡು ಹೋಗುವುದು. ಕತ್ತಲೆಯಲ್ಲಿ ಕ್ಯಾಮರಾ ತನ್ನ ಸೂಕ್ಷ್ಮತೆಯನ್ನು ತಾನೇ ಏರಿಸಿಕೊಂಡು ಚಿತ್ರದ ತುಂಬ ಹುಡಿ ಎರಚಿದ ಹಾಗೆ ಚುಕ್ಕೆಗಳನ್ನು ತುಂಬುತ್ತದೆ. ಆ ಚುಕ್ಕೆಗಳು ಪ್ರತಿ ಚಿತ್ರದಲ್ಲೂ ಜಾಗ ಬದಲಿಸುತ್ತವೆ. ಮತ್ತೆ ಅದೇ ಸೋಗೆಯ ಲೆಕ್ಕ, ಫೈಲು ಉಬ್ಬುತ್ತದೆ, ಕಾಣುವುದು ಮಾತ್ರ ಏನೂ ಇಲ್ಲ. ಮಳೆಗಾಲದಲ್ಲಿ ಒಳಗೆ ಹೋಗುವುದು ಅಪಾಯವೂ ಹೌದು. ಅದಕ್ಕಿಂತ ಬಾಯಿಯ ಹತ್ತಿರ ಫೋನನ್ನು ಸ್ಟ್ಯಾಂಡಿನಲ್ಲಿಟ್ಟು, ಎಕ್ಸ್‌ಪೋಷರ್ (ಬೆಳಕಿನ ಅಳತೆ) ಲಾಕ್ ಮಾಡಿ, ನೀರು ಹೊರಬರುವ ಹತ್ತು ಸೆಕೆಂಡ್ ಚಿತ್ರೀಕರಿಸಿ. ಪಕ್ಕದಿಂದ ಟಾರ್ಚ್ ಬಿಟ್ಟು ಗೋಡೆಯ ಎರಡು ಸ್ಥಿರ ಫೋಟೊ ತೆಗೆಯಿರಿ. ಜಿನುಗುವ ನೀರಿನ ಸದ್ದನ್ನು ಬೇರೆಯೇ ಅರ್ಧ ನಿಮಿಷ ಮುದ್ರಿಸಿಕೊಳ್ಳಿ. ಉಳಿದದ್ದು ಕಾಗದದ ಮೇಲೆ: ಫೋನನ್ನು ಮೇಲಿನಿಂದ ಕೆಳಗೆ ನೋಡುವ ಹಾಗೆ ಪುಸ್ತಕದ ರಾಶಿಯ ನಡುವೆ ಸಿಕ್ಕಿಸಿ, ಗುಡ್ಡೆಯ ಸೀಳುಚಿತ್ರವನ್ನು ಕೈಯಲ್ಲೇ ಬಿಡಿಸುತ್ತಾ ಹೋಗಿ. ಮೊದಲು ಗುಡ್ಡೆ, ಆಮೇಲೆ ಮಳೆ, ಆಮೇಲೆ ನೀರು ಇಂಗುವ ಮುರಕಲ್ಲು, ಅದರ ಕೆಳಗೆ ನೀರು ಬಿಡದ ಜೇಡಿ, ಕೊನೆಗೆ ಹೊರಕ್ಕೆ ತುಸು ಇಳಿಜಾರಾಗಿ ಸುರಂಗ. ನೀರು ಯಾಕೆ ತಾನಾಗಿ ಹರಿಯುತ್ತದೆ ಎಂಬುದು ಈ ಚಿತ್ರದಿಂದಷ್ಟೇ ತಿಳಿಯುತ್ತದೆ. ಕ್ಯಾಮರಾ ಗುಡ್ಡೆಯೊಳಗನ್ನು ತೋರಿಸಲಾರದು.

ಇಷ್ಟು ಆರು ನಿಮಿಷದಲ್ಲಿ ಮುಗಿಯುತ್ತದೆ, ಮುಗಿಯಲೂ ಬೇಕು. 2014ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ವೀಡಿಯೊ ಪಾಠಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದವರು ವೀಡಿಯೊ ಎಷ್ಟೇ ಉದ್ದವಿದ್ದರೂ ಜನ ಗಮನವಿಟ್ಟು ನೋಡುವುದು ಹೆಚ್ಚೆಂದರೆ ಆರು ನಿಮಿಷ ಎಂದು ಕಂಡುಕೊಂಡರು. ಅವರು ದೊಡ್ಡವರು, ತಾವಾಗಿ ಸೇರಿದವರು. ಮಕ್ಕಳಿಗೆ ಇದಕ್ಕಿಂತ ಹೆಚ್ಚು ನಿರೀಕ್ಷಿಸುವುದು ನ್ಯಾಯವಲ್ಲ. 40 ನಿಮಿಷದ ಪೀರಿಯಡನ್ನು ಹಾಗೆಯೇ ಮುದ್ರಿಸಿ ಹಾಕುವ ಬದಲು ಆರಾರು ನಿಮಿಷದ ತುಂಡು ಮಾಡಿ, ಪ್ರತಿಯೊಂದರ ಕೊನೆಗೆ ಒಂದು ಪ್ರಶ್ನೆ, ಪುಸ್ತಕದಲ್ಲಿ ಬರೆಯಲು 20 ಸೆಕೆಂಡ್ ಸಮಯ ಕೊಡಿ.

ಫೋನಿನಲ್ಲಿ ತೆಗೆದದ್ದನ್ನು ನೇರ ಎಡಿಟಿಂಗಿಗೆ ಒಯ್ಯಬೇಡಿ. ಬೆಳಕು ಕಡಿಮೆಯಾದಾಗ ಫೋನು ಸೆಕೆಂಡಿಗೆ 30 ಚಿತ್ರದ ಬದಲು 24-25 ತೆಗೆಯುತ್ತದೆ. ಎಡಿಟಿಂಗಿನಲ್ಲಿ ಆ ವ್ಯತ್ಯಾಸ ಸೇರುತ್ತಾ ಹೋಗಿ ಕೊನೆಗೆ ತುಟಿಯೂ ಮಾತೂ ಬೇರೆಬೇರೆಯಾಗುತ್ತವೆ. ವೀಡಿಯೊ ಪರಿವರ್ತಿಸುವ ತಂತ್ರಾಂಶ ಹ್ಯಾಂಡ್‌ಬ್ರೇಕಿನಲ್ಲಿ ‘ಕಾನ್‌ಸ್ಟೆಂಟ್ ಫ್ರೇಮ್‌ರೇಟ್’ ಆಯ್ದು ಒಮ್ಮೆ ಪರಿವರ್ತಿಸಿಕೊಂಡರೆ ಈ ತಲೆಬೇನೆ ಇಲ್ಲ. ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಓಡಿದರೆ ಕ್ಯಾಮರಾದ ಫ್ಲಿಕರ್ ಸೆಟ್ಟಿಂಗನ್ನು 50 ಹರ್ಟ್ಸ್‌ಗೆ ತನ್ನಿ, ನಮ್ಮ ಕರೆಂಟು ಅಷ್ಟೇ. ಎಡಿಟ್ ಮುಗಿದ ಮೇಲೆ ಹಂಚುವ ಪ್ರತಿಗೆ ಮತ್ತೆ ಹ್ಯಾಂಡ್‌ಬ್ರೇಕ್: ಎಚ್.264 (ಹಳೆಯ ಫೋನುಗಳು ಅದರ ನಂತರ ಬಂದ ಎಚ್.265ರಲ್ಲಿ ತಡವರಿಸುತ್ತವೆ), 640ಕ್ಕೆ 360, ಸ್ಲೈಡ್ ಪಾಠವಾದರೆ ಸೆಕೆಂಡಿಗೆ 15 ಚಿತ್ರ, ಗುಣಮಟ್ಟ ಆರ್‌ಎಫ್ 26 (ಅಂಕೆ ಏರಿದಷ್ಟೂ ಫೈಲು ಸಣ್ಣದು), ದನಿ ಮೊನೊ ಎಎಸಿ 48 ಕಿಲೋಬಿಟ್. ‘ವೆಬ್ ಆಪ್ಟಿಮೈಸ್ಡ್’ ಎಂಬ ಚೌಕಕ್ಕೆ ಗುರುತು ಹಾಕಲು ಮರೆಯಬೇಡಿ. ಎಂಪಿ4 ಫೈಲಿನ ಒಳಗಿನ ಸೂಚಿಪುಟ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಈ ಗುರುತು ಅದನ್ನು ಮೊದಲಿಗೆ ತರುತ್ತದೆ. ಇಲ್ಲವಾದರೆ ಶಾಲೆಯ ಜಾಲತಾಣದಿಂದ ನೋಡುವಾಗ ಫೈಲು ಪೂರ್ತಿ ಇಳಿಯುವವರೆಗೆ ಪಾಠ ಶುರುವಾಗದೆ ಕಾಯಬೇಕಾಗಬಹುದು. ಯೂಟ್ಯೂಬಿಗೆ ಮಾತ್ರ ಈ ಸಣ್ಣ ಪ್ರತಿ ಹಾಕಬಾರದು. ಅದು ತಾನೇ ಬೇರೆಬೇರೆ ಅಳತೆಗೆ ಕಿರಿದು ಮಾಡುವುದರಿಂದ 720ರ ಒಳ್ಳೆಯ ಪ್ರತಿ ಕೊಡಬೇಕು. ಕಿರಿದಾದದ್ದನ್ನು ಮತ್ತೆ ಕಿರಿದು ಮಾಡಿದರೆ ಒತ್ತುಗಳು ಅಲ್ಲೇ ಸಾಯುತ್ತವೆ.

ನೇರ ಪ್ರಸಾರದ ತರಗತಿಗೆ ಬೇರೆಯೇ ಸ್ವಭಾವ. ಸ್ಟ್ರೀಮಿಂಗ್ ವೀಡಿಯೊ ಹರಿದುಬರುವುದು ತುಂಡು ತುಂಡಾಗಿ. ಒಂದು ತುಂಡು 6 ಸೆಕೆಂಡಿನದ್ದು, ವೀಡಿಯೊ ಓಡಲು ಶುರುವಾಗುವ ಮೊದಲು ಮೂರು ತುಂಡು ಕೈಯಲ್ಲಿರಬೇಕು ಎಂದಿದ್ದರೆ ಮಗು ನಿಮ್ಮ ಮಾತನ್ನು ಕೇಳುವುದೇ 18 ಸೆಕೆಂಡ್ ತಡವಾಗಿ. ‘ಗೊತ್ತಾಯಿತಾ?’ ಎಂದು ಕೇಳಿ ಐದು ಸೆಕೆಂಡ್ ಕಾದು ಮುಂದೆ ಹೋದರೆ ಆ ಪ್ರಶ್ನೆ ಇನ್ನೂ ದಾರಿಯಲ್ಲಿರುತ್ತದೆ. ಮಕ್ಕಳು ಮಾತಾಡುತ್ತಿಲ್ಲ ಎಂದು ಬೇಸರಿಸುವ ಮೊದಲು ಇದನ್ನು ನೆನೆಯಬೇಕು. ಪ್ರಶ್ನೆ ಕೇಳಿದ ಮೇಲೆ ಹಿಂದಿನ ವಿಷಯವನ್ನು ಅರ್ಧ ನಿಮಿಷ ಪುನರಾವರ್ತಿಸಿ, ಆಮೇಲೆ ಉತ್ತರ ನೋಡಿ. ಮಾತುಕತೆಯೇ ಮುಖ್ಯವಾದರೆ ಮೀಟ್ ಅಥವಾ ಜೂಮ್ ಸರಿ. ಅಲ್ಲಿ ತಡ ಒಂದು ಸೆಕೆಂಡಿನ ಒಳಗೆ. ಆದರೆ ಜೂಮಿನಲ್ಲಿ ಯಕ್ಷಗಾನದ ತಾಳ ಹೇಳಿಕೊಡುವವರು ‘ಒರಿಜಿನಲ್ ಸೌಂಡ್’ ಆನ್ ಮಾಡಿಕೊಳ್ಳಲೇಬೇಕು. ಇಲ್ಲದಿದ್ದರೆ ಚೆಂಡೆಮದ್ದಳೆಯ ಪೆಟ್ಟನ್ನು ಅದು ಗದ್ದಲವೆಂದು ತಿಳಿದು ನುಂಗಿಬಿಡುತ್ತದೆ, ಕಲಿಯುವವರಿಗೆ ಉಳಿಯುವುದು ಬಾಯಿತಾಳ ಮಾತ್ರ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟೂ ನೆಟ್ಟೂ ನಂಬಲಾಗದ ತಿಂಗಳುಗಳು. ಆ ದಿನಗಳಿಗೆ ಮೆಮೊರಿ ಕಾರ್ಡೇ ಗಟ್ಟಿ. ನಿಮಿಷಕ್ಕೆ ಒಂದೂವರೆ ಎಂಬಿಯ ಲೆಕ್ಕದಲ್ಲಿ 32 ಜಿಬಿಯ ಕಾರ್ಡಿನಲ್ಲಿ 300 ಗಂಟೆಗೂ ಹೆಚ್ಚು ಪಾಠ ಹಿಡಿಯುತ್ತದೆ, ಒಂದು ವರ್ಷದ್ದು ಬಂದು ಜಾಗ ಉಳಿಯುತ್ತದೆ. ಶಾಲೆಯಲ್ಲಿ ಹಳೆಯ ಲ್ಯಾಪ್‌ಟಾಪೋ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರೋ ಇದ್ದರೆ ಕೊಲಿಬ್ರಿ ಎಂಬ ಉಚಿತ ತಂತ್ರಾಂಶ ಹಾಕಿ, ಇಂಟರ್ನೆಟ್ ಇಲ್ಲದೆಯೇ ವೈಫೈಯಲ್ಲಿ ಮಕ್ಕಳಿಗೆ ಪಾಠ ಹರಿಸಬಹುದು. ವಾಟ್ಸಾಪಿನಲ್ಲಿ ಕಳಿಸುವುದಾದರೆ ವೀಡಿಯೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಆಗ ಅದು ಫೈಲನ್ನು ಮತ್ತೆ ಹಿಂಡುವುದಿಲ್ಲ. ಪ್ರತಿ ಪಾಠದ ಜೊತೆ ದನಿ ಮಾತ್ರದ ಪ್ರತಿಯನ್ನೂ ಇಡಿ. 48 ಕಿಲೋಬಿಟ್‌ನ ಆರು ನಿಮಿಷ ಎರಡು ಎಂಬಿ ಚಿಲ್ಲರೆ, ಎಷ್ಟು ಕಡಿಮೆ ರೇಂಜ್ ಇದ್ದರೂ ಹೋಗಿ ಮುಟ್ಟುತ್ತದೆ. ಫೈಲಿನ ಹೆಸರಿನಲ್ಲಿ 1, 2 ಎನ್ನದೆ 01, 02 ಎಂದು ಬರೆಯಿರಿ. ಇಲ್ಲವಾದರೆ ಎಷ್ಟೋ ಫೋನುಗಳಲ್ಲಿ 1ರ ನಂತರ 10 ಬಂದು, ಮಗು ಎರಡನೆಯ ಪಾಠಕ್ಕೆ ಮೊದಲು ಹತ್ತನೆಯದನ್ನು ನೋಡಿ ಏನೂ ತಿಳಿಯದೆ ಫೋನ್ ಕೆಳಗಿಡುತ್ತದೆ.

ಹಂಚುವ ಮೊದಲು ಆ ಪಾಠವನ್ನು ಕ್ಲಾಸಿನಲ್ಲಿ ಯಾರ ಮನೆಯಲ್ಲಿ ಅತಿ ಹಳೆಯ ಫೋನಿದೆಯೋ ಅಂಥದ್ದರಲ್ಲಿ, ಅಂಗಳದ ಬಿಸಿಲಿಗೆ ನಿಂತು, ಒಂದೇ ಕಿವಿಗೆ ಇಯರ್‌ಫೋನ್ ಇಟ್ಟು, ಮೊದಲಿನಿಂದ ಕೊನೆಯವರೆಗೆ ನೋಡಿ. ಧ ಮತ್ತು ದ ಬೇರೆಬೇರೆ ಕಾಣುತ್ತವೆಯೇ ಎಂದು ಪರೀಕ್ಷಿಸಿ. ಕಾಣದಿದ್ದರೆ ಸ್ಲೈಡಿಗೆ ಹಿಂದಿರುಗಿ.